ಹಡಗು ಬಂದರೆ ಹೊರಡುವ ಅರಸರು

ನಮ್ಮೂರಿನ ಅರಸರು ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಫ್ರಾನ್ಸಿಗೆ ಹೊರಡುತ್ತಿದ್ದರು, ಮಧ್ಯಾಹ್ನದ ಊಟಕ್ಕೆ ವಾಪಸು ಬರುತ್ತಿದ್ದರು. ಹಿಂದಿನ ವರ್ಷದಿಂದ ಅವರ ಹೊಟ್ಟೆ ಎಷ್ಟು ಬೆಳೆದಿದೆಯೋ ನೋಡಿ ಟೈಲರ್ ನೀಲಿ ಕೋಟಿನ ಹೊಲಿಗೆ ಬಿಚ್ಚಿಕೊಡುತ್ತಿದ್ದ. ಅರಸರು ಅಕ್ಕನ ಕಾಲಿಗೆ ನಮಸ್ಕರಿಸಿ, ಬೀದಿಯುದ್ದಕ್ಕೂ ಕೈಮುಗಿಯುತ್ತ, ಬ್ಯಾಂಡಿನ ಹಿಂದೆ ಹೊಳೆಬದಿಯ ಧಕ್ಕೆಗೆ ನಡೆದು ದೋಣಿ ಹತ್ತುತ್ತಿದ್ದರು. ದೋಣಿ ಹೊಳೆ ಕಡಲು ಸೇರುವ ಅಳಿವೆಯವರೆಗೆ ಹೋಗಿ ತಿರುಗುತ್ತಿತ್ತು. ದಡದಲ್ಲಿ ಹೆಂಗಸರು ಅಳಬೇಕಿತ್ತು. ಅಳದೆ ಹೋದರೆ ಅಭ್ಯಾಸ ಸರಿಯಾಗಲಿಲ್ಲ ಎಂದು ಹಿರಿಯರು ಗೊಣಗುತ್ತಿದ್ದರು. ಹಾಗಾಗಿ ಎಲ್ಲರೂ ಮನಸ್ಸಿಟ್ಟು ಅಳುತ್ತಿದ್ದೆವು, ಆಮೇಲೆ ಮನೆಗೆ ಓಡಿ ಮೀನು ಕೊಯ್ಯುತ್ತಿದ್ದೆವು.

ಪ್ಯಾರಿಸಿನಲ್ಲಿ ಆಳುತ್ತಿದ್ದವರೂ ನಮ್ಮ ಅರಸರೂ ಒಂದೇ ವಂಶ, ವಾಲ್ವಾ ವಂಶ. ಹಿಂದೆ ಯಾವಾಗಲೋ ಆ ಮನೆಯ ಕಿರಿಯ ರಾಜಕುಮಾರನೂ ಅವನ ತಂಗಿಯೂ ನಮ್ಮ ದಡದಲ್ಲಿ ಇಳಿದು ಇಲ್ಲಿಯೇ ನಿಂತರು. ಅಲ್ಲಿ ವಂಶದ ಕೊಂಡಿ ಕಳಚಿದರೆ ಇಲ್ಲಿಂದ ಒಬ್ಬರನ್ನು ಕರೆದೊಯ್ಯಲು ಹಡಗು ಬರಬೇಕೆಂದು ಮಾತಾಗಿತ್ತು. ಹಡಗು ಬಂದಾಗ ಊರು ತಬ್ಬಿಬ್ಬಾಗಬಾರದು. ಅದಕ್ಕೇ ವರ್ಷವರ್ಷದ ಅಭ್ಯಾಸ.

ನಮ್ಮಲ್ಲಿ ಎಲ್ಲರದ್ದೂ ಅಳಿಯಕಟ್ಟು. ಮನೆ, ಅಧಿಕಾರ, ಗೌರವ ಎಲ್ಲವೂ ಮಾವನಿಂದ ಅವನ ಸೋದರಿಯ ಮಗನಿಗೆ ಹೋಗಬೇಕು. ಇಲ್ಲಿ ನಿಂತ ಮೇಲೆ ರಾಜಕುಮಾರನೂ ಅದನ್ನೇ ಪಾಲಿಸಿದ. ಅರಮನೆ ಅವನ ತಂಗಿಯ ಮಗನಿಗೆ ಹೋಯಿತು. ಸ್ವಂತ ಮಗನಿಗೆ ಸಿಕ್ಕಿದ್ದು ಅರಮನೆಯ ಹಿಂದಿದ್ದ ರೊಟ್ಟಿಯ ಭಟ್ಟಿ. ಆ ಮಗನ ಸಂತತಿ ನಾವು. ಇಡೀ ಊರಿನಲ್ಲಿ ಅಪ್ಪನಿಂದ ಮಗನಿಗೆ ಬರುತ್ತಿದ್ದದ್ದು ನಮ್ಮ ಭಟ್ಟಿಯೊಂದೇ. ಕತ್ತಲೆಗೆ ಏಳಬೇಕಾದ ಕೆಲಸವನ್ನು ಯಾವ ಅಳಿಯನೂ ಕೇಳಲಿಲ್ಲ, ಅದಕ್ಕೇ ನಮಗೆ ಉಳಿಯಿತು ಎಂದು ನನ್ನ ಅಪ್ಪ ನಗುತ್ತಿದ್ದರು.

ಅಪ್ಪನ ಹೆಸರು ದೂಮಪ್ಪ. ಅವರು ಸುಡುವ ಮೊಳದುದ್ದದ ಕೋಲುರೊಟ್ಟಿ ಇಲ್ಲದೆ ನಮ್ಮೂರಿನಲ್ಲಿ ಬೂತಾಯಿ ಮೀನಿನ ಸಾರಿಗೆ ರುಚಿಯಿಲ್ಲ. ಅವರಿಗೆ ನಾನೊಬ್ಬಳೇ ಮಗಳು. ಚಿಕ್ಕಂದಿನಿಂದ ಹಿಟ್ಟು ನಾದಿದವಳು, ಕೋಲು ಹೊಸೆದವಳು, ಅಂಗಡಿಯಲ್ಲಿ ನಿಂತು ಮಾರಿದವಳು ನಾನೇ. ಆದರೆ ಬೆಂಕಿ ನೋಡುವುದು, ಉದ್ದ ಹಿಡಿಯ ಹಲಗೆಯನ್ನು ಭಟ್ಟಿಯ ಬಾಯಿಗೆ ಚಾಚುವುದು ಗಂಡುಮಗನ ಕೆಲಸ. ನಾನು ಆ ಹಲಗೆಯನ್ನು ಗೋಡೆಗೆ ಒರಗಿಸಿಡಬಹುದಿತ್ತು, ಅಷ್ಟೇ.

"ನನ್ನ ನಂತ್ರ ಭಟ್ಟಿ ಆರ್ತದೆ," ಎಂದು ಅಪ್ಪ ಆಗಾಗ ಹೇಳುತ್ತಿದ್ದರು, ನಾಳೆ ಮೋಡ ಇರಬಹುದು ಎಂಬಷ್ಟು ತಣ್ಣಗೆ.

ಅರಸರ ಹೆಸರು ಶಾರ್ಲ್. ಊರಿನ ಬಾಯಲ್ಲಿ ಸಾರ್ಲರಸರು, ಅಪ್ಪನ ಬಾಯಲ್ಲಿ ಬರೀ ಸಾರ್ಲು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಸಂಜೆಯಾದರೆ ಅರಮನೆಯ ಜಗಲಿಯಲ್ಲಿ ಇಬ್ಬರಿಗೂ ಇಸ್ಪೀಟು. ಅರಸರು ಎಲೆ ಇಳಿಸುತ್ತಲೇ ಫ್ರೆಂಚ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದರು. ಅವರಿಗೆ ನಿಜವಾಗಿಯೂ ಹೋಗುವ ಆಸೆಯಿತ್ತು. ಹಿಮ ಬೀಳುವಾಗ ಶಬ್ದ ಆಗುತ್ತದೋ ಇಲ್ಲವೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿದ್ದಾರೆ. ಅಪ್ಪ ಮಾತ್ರ ಹೊಳೆಯ ಆಚೆ ದಡಕ್ಕೂ ಹೋದವರಲ್ಲ. "ಅಲ್ಲಿ ಎಂತ ಉಂಟು ಮಾರಾಯ? ಇಲ್ಲಿದ್ದದ್ದೇ ಸ್ವಲ್ಪ ತಣ್ಣಗೆ ಇರ್ತದೆ," ಎನ್ನುತ್ತಿದ್ದರು.

ಹಡಗು ಬಂದದ್ದು ಮಾವಿನ ಹಣ್ಣಿನ ಕಾಲದಲ್ಲಿ. ಅಳಿವೆಯ ಆಚೆ ಬಿಳಿ ಹಡಗೊಂದು ನಿಂತಿದೆ ಎಂದು ಮೀನಿನ ಹೆಂಗಸರು ಕೂಗುತ್ತ ಬಂದರು. ಅರ್ಧ ಗಳಿಗೆಯಲ್ಲಿ ಬ್ಯಾಂಡಿನವರು ಸೇರಿದರು. ಟೈಲರ್ ಓಡಿದ. ಅರಸರ ಅಕ್ಕ ಮದ್ಲೇನಕ್ಕ ಉಪ್ಪಿನಕಾಯಿಯ ಭರಣಿಗಳಿಗೆ ಬಟ್ಟೆ ಕಟ್ಟಲು ಕುಳಿತರು. ಅಪ್ಪ ಅತಿಥಿಗಳ ಚಹಾಕ್ಕೆಂದು ಬಿಸಿ ರೊಟ್ಟಿಯ ಬುಟ್ಟಿ ಹೊತ್ತು ಅರಮನೆಗೆ ಹೊರಟರು, ನಾನೂ ಹಿಂದೆ ಹೋದೆ.

ಹಡಗಿನಿಂದ ಬಂದ ರಾಯಭಾರಿ ಮದಾಂ ಕ್ಲೆರೋ, ನರೆಗೂದಲಿನ, ನೆಟ್ಟಗೆ ಕೂರುವ ಹೆಂಗಸು. ನಮ್ಮ ಭಾಷೆಯನ್ನು ಪ್ಯಾರಿಸಿನಲ್ಲಿ ಕೂತು ಹಳೆಯ ಪುಸ್ತಕಗಳಿಂದ ಕಲಿತವರು. ಜಗಲಿಯಲ್ಲಿ ಊರೆಲ್ಲ ಸೇರಿರುವಾಗ ಎದ್ದು ನಿಂತು ಹೇಳಿದರು: "ನಮ್ಮ ದೊರೆಗಳು ಸಂತಾನವಿಲ್ಲದೆ ದಿವಂಗತರಾದರು. ವಂಶದ ಮುಂದಿನ ಪುರುಷನನ್ನು ಕರೆದೊಯ್ಯಲು ನಾನು ಬಂದಿರುವೆನು."

ನೀಲಿ ಕೋಟಿನ ಸಾರ್ಲರಸರು ಮುಂದೆ ಬಂದರು. ಜೀವಮಾನವಿಡೀ ಸಿದ್ಧಮಾಡಿದ ಫ್ರೆಂಚ್ ಭಾಷಣವನ್ನು ಎಲ್ಲಿಯೂ ತಡವರಿಸದೆ ಒಪ್ಪಿಸಿದರು. ನಮಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ಚಪ್ಪಾಳೆ ಹೊಡೆದೆವು. ಮದಾಂ ಕ್ಲೆರೋ ತಲೆಬಾಗಿ ಪೂರ್ತಿ ಕೇಳಿದರು. ಮತ್ತೆ ಮೆಲ್ಲಗೆ ಕೇಳಿದರು: "ತಮ್ಮ ತಂದೆಯವರು ಯಾವ ದೊರೆಗಳು?"

"ತಂದೆಯವರಾ? ಅವ್ರು ಪೋಸ್ಟ್ ಮಾಸ್ಟರ್ ಆಗಿದ್ರು," ಎಂದರು ಅರಸರು. "ಅರಸರು ನನ್ನ ಮಾವ. ಅಮ್ಮನ ಅಣ್ಣ."

ಮದಾಂ ಕ್ಲೆರೋ ಅವರ ಮುಖ ಬಾಡಿತು. "ಕ್ಷಮಿಸಬೇಕು. ನಮ್ಮ ಕಟ್ಟಳೆಯಲ್ಲಿ ಕಿರೀಟವು ಸ್ತ್ರೀಯರ ಮೂಲಕ ಇಳಿದು ಬರಲಾರದು."

ಮದ್ಲೇನಕ್ಕ ಒಳಗಿನಿಂದ ಭರಣಿ ಹಿಡಿದುಕೊಂಡೇ ಬಂದರು. "ಹಾಗಾದ್ರೆ ಅಲ್ಲಿ ಗಂಡಸ್ರು ಯಾರ ಮೂಲಕ ಇಳಿದು ಬರ್ತಾರೆ ಅಂತ ಸ್ವಲ್ಪ ಕೇಳಿ," ಎಂದರು. ಕೆಲವರು ನಕ್ಕರು. ಅರಸರು ನಗಲಿಲ್ಲ.

ಮದಾಂ ಕ್ಲೆರೋ ಮುಂದುವರಿಸಿದರು. ಇಲ್ಲಿ ಇಳಿದ ರಾಜಕುಮಾರನಿಗೆ ಮಗನಿದ್ದನೆ? ಆ ಮಗನಿಗೆ ಮಗ, ಅವನಿಗೆ ಮಗ, ಹೀಗೆ ಈ ದಿನದವರೆಗೆ ಬಂದವರು ಯಾರಾದರೂ ಇದ್ದಾರೆಯೇ? ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಕಂಬದ ಬಳಿ ಬುಟ್ಟಿ ಹಿಡಿದು ನಿಂತಿದ್ದ ಅಪ್ಪನನ್ನು ನೋಡಿದರು. ಅವರ ಹುಬ್ಬಿನ ಮೇಲೆ ಇನ್ನೂ ಮೈದಾ ಇತ್ತು.

"ನಾನಾ?" ಎಂದರು ಅಪ್ಪ. ಬುಟ್ಟಿಯನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿದರು. "ಅಲ್ಲ ಅಮ್ಮ, ನಿಮ್ಮಲ್ಲಿ ಅರಸರ ಮಾತು ಎಷ್ಟು ನಡೀತದೆ?"

"ಅಭಿಷೇಕವಾದ ದೊರೆಯ ಮಾತೇ ಶಾಸನ."

"ಹಾಗಾದ್ರೆ ಆಯ್ತು. ಆಗ್ತೇನೆ."

ಸಾರ್ಲರಸರು ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನೀಲಿ ಕೋಟಿನ ಬೆನ್ನಿನಲ್ಲಿ ಟೈಲರ್ ಅವಸರಕ್ಕೆ ಹಾಕಿದ ಬಿಳಿ ನೂಲು ಕಾಣುತ್ತಿತ್ತು.

ದಾರಿಯಿಡೀ ನಾನು ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದೆ. ಮನೆ ಮುಟ್ಟಿದ ಮೇಲೆ ತಡೆಯಲಾಗಲಿಲ್ಲ. "ಎಂತ ಅಪ್ಪ ಇದು? ಅವ್ರು ಹುಟ್ಟಿದಾರಭ್ಯ ಇದೇ ಕನಸು ಕಂಡವ್ರು. ನಿಮ್ಗೆ ಫ್ರಾನ್ಸ್ ಯಾವ ದಿಕ್ಕಿಗೆ ಅಂತ ಸಹ ಗೊತ್ತಿಲ್ಲ."

"ಹಡಗು ಹೋಗುವ ದಿಕ್ಕಿಗೆ," ಎಂದರು ಅಪ್ಪ. "ನಾಳೆ ಒಂದು ಕಳೀಲಿ. ಆಮೇಲೆ ಬೈ."

ಮರುದಿನ ಅರಮನೆಯ ಅಂಗಳದಲ್ಲೇ ಅಭಿಷೇಕವಾಯಿತು. ಮದಾಂ ಕ್ಲೆರೋ ಪುಟ್ಟ ಗಾಜಿನ ಕುಪ್ಪಿಯಲ್ಲಿ ಪವಿತ್ರ ಎಣ್ಣೆ ತಂದಿದ್ದರು. ಹಣೆಗೆ ಒಂದು ಹನಿ ಹಚ್ಚಿದಾಗ ಅಪ್ಪ, "ಸ್ವಲ್ಪ ನೆತ್ತಿಗೂ ಹಾಕಿ, ಉಷ್ಣ ಉಂಟು," ಎಂದರು. ಅವರು ಗಂಭೀರವಾಗಿ ನೆತ್ತಿಗೂ ಹಾಕಿದರು. ಕಿರೀಟ ಅಪ್ಪನ ತಲೆಗೆ ತುಸು ದೊಡ್ಡದು, ಕಿವಿಯ ಮೇಲೆ ಕುಳಿತಿತು. ಅಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನಾನೀಗ ಫ್ರಾನ್ಸಿನ ಅರಸ. ಹೇಳಿದ್ದನ್ನು ಎಲ್ರೂ ಕೇಳಿ. ಇನ್ನು ಮುಂದೆ ಅಲ್ಲಿಯೂ ಅಳಿಯಕಟ್ಟು. ನಾನು ಪಟ್ಟದಿಂದ ಇಳಿದ ಗಳಿಗೆಯಿಂದ ಈ ಕಿರೀಟ ಅರಮನೆಯವರದ್ದು, ನಮ್ಮ ಸಾರ್ಲುವಿಂದು. ಅವನ ನಂತ್ರ ಅವನ ಅಳಿಯಂದು. ಆಯ್ತಾ?"

ಮದಾಂ ಕ್ಲೆರೋ ಅಪ್ಪನಿಗೆ ತಲೆಬಾಗಿದರು. ಅವರ ತುಟಿಯಂಚು ಮೇಲೇರಿದ್ದನ್ನು ನಾನು ಕಂಡೆ. "ಶಾಸನವು ಶಾಸನವೇ," ಎಂದರು.

ಬ್ಯಾಂಡಿನವರು ತಮಗೆ ತೋಚಿದ್ದನ್ನು ಬಾರಿಸಿದರು. ಅರಸರ ಕೋಣೆಯ ಬಾಗಿಲು ತೆರೆಯಿತು. ಸಾರ್ಲರಸರು ಬರಿಗಾಲಲ್ಲಿ ಅಂಗಳಕ್ಕೆ ಇಳಿದು ಬಂದು ಅಪ್ಪನನ್ನು ತಬ್ಬಿಕೊಂಡರು. ಕಿರೀಟ ಜಾರಿ ಅಪ್ಪನ ಕೊರಳಿಗೆ ಬಿತ್ತು. ಊರಿಗೂರೇ ನಕ್ಕು ಹಗುರಾಯಿತು.

"ಸರಿ ದೂಮಣ್ಣ, ಇನ್ನು ಇಳಿ," ಎಂದರು ಮದ್ಲೇನಕ್ಕ. "ಹಡಗಿನವ್ರು ಕಾಯ್ತಿದ್ದಾರೆ."

"ಇಳಿಯುವಾ. ಎಂತ ಅವಸರ? ಊಟ ಆಗ್ಲಿ."

ಊಟವಾಯಿತು. ಅಪ್ಪ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಬೆಳಗಿನ ಜಾವ ಎಂದಿನಂತೆ ಭಟ್ಟಿಗೆ ಬೆಂಕಿ ಹಾಕಿ, ಕಿರೀಟವನ್ನು ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟು ರೊಟ್ಟಿ ಸುಡುತ್ತಿದ್ದರು. ಬಿಸಿಲೇರಿದ ಮೇಲೆ ತಲೆಗೆ ಕಿರೀಟವಿಟ್ಟು ಅಂಗಡಿಯ ಕಟ್ಟೆಯಲ್ಲಿ ಕುಳಿತು ಆಜ್ಞೆ ಹೊರಡಿಸುತ್ತಿದ್ದರು. ಹಡಗಿನ ಕಪ್ತಾನ ಪ್ರತಿದಿನ ಒಂದೊಂದು ಮನೆಯಲ್ಲಿ ಉಣ್ಣಬೇಕು, ಯಾರ ಮನೆಯ ಸಾರನ್ನೂ ಬಿಡಬಾರದು. ವಾಲಿಬಾಲ್ ನೆಟ್ಟನ್ನು ಗಿಡ್ಡಗಿನವರಿಗೂ ಆಗುವಂತೆ ಸ್ವಲ್ಪ ಕೆಳಗೆ ಕಟ್ಟಬೇಕು. ಮಧ್ಯಾಹ್ನ ಮಲಗಿದವರನ್ನು ಯಾರೂ ಎಬ್ಬಿಸಬಾರದು. ಆಜ್ಞೆಗಳು ಊರಿಗೆ ಹಿಡಿಸಿದವು. ಮಧ್ಯಾಹ್ನದ ನಿದ್ದೆಗಂತೂ ಈಗ ಫ್ರಾನ್ಸಿನ ಅರಸರ ಬೆಂಬಲವಿತ್ತು.

ಆದರೆ ದಿನ ಕಳೆದ ಹಾಗೆ ಮಾತು ಬದಲಾಯಿತು. ರೊಟ್ಟಿ ಕೊಳ್ಳಲು ಬಂದವರು ದನಿ ತಗ್ಗಿಸಿ ನನ್ನನ್ನು ಕೇಳುತ್ತಿದ್ದರು: "ಅಪ್ಪನಿಗೆ ರುಚಿ ಹತ್ತಿತಾ ಎಂತ?" ಸಾರ್ಲರಸರು ಸಂಜೆ ಇಸ್ಪೀಟಿನ ಕಟ್ಟು ಹರಡಿ ಕಾಯುತ್ತಿದ್ದರು, ಅಪ್ಪ ಹೋಗುತ್ತಿರಲಿಲ್ಲ. ಕೆಲವು ದಿನ ಕಾದು ಅವರು ಎಲೆಗಳನ್ನು ಒಳಗಿಟ್ಟರು. ತೆಂಕಣ ಗಾಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಮದಾಂ ಕ್ಲೆರೋ ಅಂಗಡಿಗೇ ಬಂದರು.

"ದೊರೆಗಳೇ, ಮಳೆಗಾಲವು ಸಮೀಪಿಸಿರುವುದು. ಕಡಲು ಉಕ್ಕಿದರೆ ನಾವು ಹೊರಡಲಾರೆವು. ಅಷ್ಟರಲ್ಲಿ ಪ್ಯಾರಿಸಿನಲ್ಲಿ ಬೇರೊಬ್ಬರು ಸಿಂಹಾಸನವನ್ನೇರುವರು. ಆಗ ತಮ್ಮ ಶಾಸನವೂ ಇಲ್ಲ, ತಮ್ಮ ಸ್ನೇಹಿತರ ಪ್ರಯಾಣವೂ ಇಲ್ಲ."

"ಬಿಸಿ ಉಂಟು, ತಿನ್ನಿ," ಎಂದು ಅಪ್ಪ ಅವರ ಕೈಗೆ ರೊಟ್ಟಿ ಕೊಟ್ಟರು. ಅವರು ತಿಂದರು.

ಆ ಮಧ್ಯಾಹ್ನ ಮದ್ಲೇನಕ್ಕ ನನ್ನನ್ನು ಕರೆಸಿದರು. ಕಟ್ಟಿಟ್ಟ ಭರಣಿಗಳ ನಡುವೆ ಕುಳಿತಿದ್ದರು. "ವಾರಿಜ, ನನ್ನ ತಮ್ಮ ಎರಡು ಹೊತ್ತು ಸರಿ ಉಣ್ಣುದಿಲ್ಲ. ದೂಮಣ್ಣ ಕೆಟ್ಟವನಲ್ಲ, ನಂಗೆ ಗೊತ್ತುಂಟು. ಆದ್ರೆ ಅವನ ಮನಸ್ಸಲ್ಲಿ ಎಂತ ಉಂಟು ಅಂತ ನೀನೇ ಕೇಳ್ಬೇಕು. ನಾನು ಕೇಳಿದ್ರೆ ಜಗಳ ಆಗ್ತದೆ."

ಮರುದಿನ ಬೆಳಗಿನ ಜಾವ ನಾನು ಹಿಟ್ಟು ಹೊಸೆಯುತ್ತ ಮಾತು ತೆಗೆದೆ. ಅಪ್ಪ ಬೆಂಕಿಯನ್ನು ಪಕ್ಕಕ್ಕೆ ಸರಿಸುತ್ತಿದ್ದರು.

"ಅಪ್ಪ, ಯಾವಾಗ ಇಳೀತೀರಿ?"

"ಇಳಿಯುವಾ."

"ನಿಮ್ಗೆ ಕಿರೀಟ ಅಷ್ಟು ಇಷ್ಟ ಆಯ್ತಾ?"

"ಆ ತಗಡಾ? ಕಿವಿ ನೋಯ್ತದೆ ಮಾರಾಯ್ತಿ."

"ಮತ್ತೆ?"

ಅಪ್ಪ ಭಟ್ಟಿಯೊಳಗೆ ನೋಡುತ್ತಲೇ ಇದ್ದರು. "ನಾನು ಇಳಿದ್ರೆ ಸಾರ್ಲು ಹೋಗ್ತಾನೆ," ಎಂದರು. "ಇಷ್ಟು ವರ್ಷ ಹೋಗ್ತೇನೆ ಹೋಗ್ತೇನೆ ಅಂತ ಊಟಕ್ಕೆ ಬಂದದ್ದು. ಈ ಸಲ ಬರ್ಲಿಕ್ಕಿಲ್ಲ. ಅವನನ್ನು ಅರಸ ಮಾಡಿದ್ದು ನಾನೇ. ಮಾಡಿದ ಮೇಲೆ ಹೊಳೀತು, ಸಂಜೆಗೆ ನಾನೆಲ್ಲಿ ಹೋಗುದು ಅಂತ."

ನನ್ನ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಕೈಯಲ್ಲಿದ್ದ ಹಿಟ್ಟನ್ನು ಹಲಗೆಯ ಮೇಲಿಟ್ಟೆ. "ನೀವೂ ಹೋಗಿ ಅವರೊಟ್ಟಿಗೆ."

"ನಾನು ಹೋದ್ರೆ ಭಟ್ಟಿ ಆರ್ತದೆ."

"ಆರುದಿಲ್ಲ. ನಾನಿದ್ದೇನಲ್ಲ."

"ನೀನು ಹೆಣ್ಣು. ಭಟ್ಟಿ ಅಪ್ಪನಿಂದ ಮಗನಿಗೆ. ನಮ್ಮಪ್ಪ ನಂಗೆ ಹಾಗೆ ಹೇಳಿ ಕೊಟ್ಟದ್ದು."

ಇಷ್ಟು ವರ್ಷ ನುಂಗಿದ ಮಾತು ಆಗ ಬಾಯಿಗೆ ಬಂತು. "ಇಡೀ ಫ್ರಾನ್ಸಿನ ಕಟ್ಟಳೆ ಒಂದು ಮಾತಲ್ಲಿ ಬದಲು ಮಾಡಿದ್ರಿ. ಹೆಣ್ಣಿನ ಮೂಲಕ ಕಿರೀಟ ಹೋಗಬಹುದು ಅಂತ ಎಣ್ಣೆ ಹಚ್ಚಿಕೊಂಡು ಹೇಳಿದ್ರಿ. ಈ ನಾಲ್ಕು ಕಲ್ಲಿನ ಭಟ್ಟಿ ಮಾತ್ರ ಹೆಣ್ಣಿಗೆ ಕೊಡ್ಲಿಕ್ಕೆ ಆಗುದಿಲ್ಲ ಅಲ್ವಾ?"

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ ಹೇಳಿ."

ಅಪ್ಪ ಬೆಂಕಿ ಕೆದಕುತ್ತ, "ಫ್ರಾನ್ಸಿನಲ್ಲಿ ನಮ್ಮಪ್ಪ ಇರ್ಲಿಲ್ಲ," ಎಂದರು. ತಾವು ಹೇಳಿದ್ದು ತಮಗೇ ಕೇಳಿದಂತಾಗಿ ಅವರಿಗೆ ನಗು ಬಂತು. ನನಗೂ ಬಂತು. ಇಬ್ಬರೂ ಸೊಂಟ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಉದ್ದ ಹಿಡಿಯ ಹಲಗೆಯನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು.

"ಬೆಂಕಿಯ ಹದ ಹೇಗೆ ನೋಡುದು ಗೊತ್ತುಂಟಾ?"

"ನೀವು ನೋಡುದನ್ನು ನೋಡಿದ್ದೇನೆ."

"ನೋಡುದು ಬೇರೆ, ಮಾಡುದು ಬೇರೆ. ಬಾ ಇಲ್ಲಿ."

ಹಿಡಿಮೈದಾ ಒಳಗೆ ಎರಚಿ ಅದು ಕಂದಾಗುವ ವೇಗ ನೋಡುವುದನ್ನು ತೋರಿಸಿದರು. ಹಲಗೆಯನ್ನು ಕೈಗೆ ಕೊಟ್ಟರು. ನಾನೆಣಿಸಿದ್ದಕ್ಕಿಂತ ಅದು ಭಾರವಿತ್ತು. ಮೊದಲ ಕೋಲು ಹಲಗೆಯಿಂದ ಇಳಿಯುವಾಗಲೇ ಮಡಚಿ ಸುರುಳಿಯಾಯಿತು. "ಹೆದರ್ಬೇಡ. ನಂದು ಬೂದಿಗೇ ಬಿದ್ದಿತ್ತು," ಎಂದರು ಅಪ್ಪ.

ಆ ಸಂಜೆ ಅಪ್ಪ ಕಿರೀಟವನ್ನು ರೊಟ್ಟಿಯ ಬುಟ್ಟಿಯಲ್ಲಿ ಹಾಕಿಕೊಂಡು ಅರಮನೆಗೆ ಹೋದರು. ನಾನು ಜಗಲಿಯ ಮೆಟ್ಟಿಲಲ್ಲಿ ಕುಳಿತೆ. ಸಾರ್ಲರಸರು ಮುಖ ತಿರುಗಿಸಿಯೇ ಇದ್ದರು.

"ಎಲೆ ಹಾಕು," ಎಂದರು ಅಪ್ಪ.

"ನೀನು ದೊಡ್ಡ ಅರಸ. ನಮ್ಮೊಟ್ಟಿಗೆಲ್ಲ ಯಾಕೆ ಆಡ್ತಿ?"

ಅಪ್ಪ ಬುಟ್ಟಿಯಿಂದ ಕಿರೀಟ ತೆಗೆದು, ಮೈದಾ ಒರೆಸಿ ಅರಸರ ತಲೆಗೆ ಇಟ್ಟರು. "ಇಳಿದೆ. ಈಗ ಎಲೆ ಹಾಕು."

ಅರಸರು ಎರಡು ಕೈಯಲ್ಲೂ ಕಿರೀಟ ಮುಟ್ಟಿನೋಡಿಕೊಂಡರು. ಅವರಿಗೆ ಅದು ಸರಿಯಾಗಿ ಕೂತಿತ್ತು. "ಇಷ್ಟು ದಿನ ಯಾಕೆ ಸತಾಯಿಸಿದ್ದು ದೂಮ?"

"ನೀನು ಹೋದ ಮೇಲೆ ನಾನೆಂತ ಮಾಡುದು ಅಂತ ಯೋಚ್ನೆ ಮಾಡ್ತಿದ್ದೆ."

"ಎಂತ ತೀರ್ಮಾನ ಆಯ್ತು?"

"ನಾನೂ ಬರ್ತೇನೆ."

"ನೀನಾ? ಹೊಳೆ ದಾಟದವ?" ಅರಸರು ಅರ್ಧ ಎದ್ದರು. "ಅಲ್ಲಿ ಬಂದು ಎಂತ ಮಾಡ್ತಿ?"

"ಅಲ್ಲಿ ನಿನ್ನೊಟ್ಟಿಗೆ ಕನ್ನಡ ಮಾತಾಡ್ಲಿಕ್ಕೆ ಯಾರಿದ್ದಾರೆ? ಈ ಅಮ್ಮನ ಪುಸ್ತಕದ ಕನ್ನಡ ಕೇಳಿದ್ರೆ ನಿಂಗೆ ಎದ್ದು ನಿಂತು ಮಾತಾಡ್ಬೇಕು ಅನ್ನಿಸ್ತದೆ."

ಮದಾಂ ಕ್ಲೆರೋ ಪಕ್ಕದಲ್ಲೇ ಇದ್ದರು. "ಇದು ಸತ್ಯವಾದುದು," ಎಂದರು. ಅವರು ಬಾಯ್ತುಂಬ ನಕ್ಕದ್ದನ್ನು ನಾವು ಕಂಡದ್ದು ಅಂದೇ ಮೊದಲು. ಸಾರ್ಲರಸರು ಒಳಗಿನಿಂದ ಕಟ್ಟು ತಂದು ಎಲೆ ಹಂಚಿದರು. ಒಂದೆರಡು ಸಲ ಕಣ್ಣೊರೆಸಿಕೊಂಡರು. ಆ ಆಟದಲ್ಲಿ ಅಪ್ಪ ಸೋತರು. ಎಲೆ ತಪ್ಪು ಹಂಚಿದ್ದಾನೆ ಎಂದು ತಕರಾರು ತೆಗೆದರು.

ಹೊರಡುವ ದಿನ ಯಾರಿಗೂ ಅಳಲು ಪುರುಸೊತ್ತಾಗಲಿಲ್ಲ. ಭರಣಿಗಳು ದೋಣಿಯಲ್ಲಿ ಹಿಡಿಸಲಿಲ್ಲ. ಕಪ್ತಾನನಿಗೆ ಊಟ ಹಾಕಲು ಬಾಕಿ ಉಳಿದ ಮನೆಯವರು ಡಬ್ಬಿಗಳನ್ನು ತಂದು ಅವನ ಕೊರಳಿಗೇ ನೇತುಹಾಕಿದರು. ಮದ್ಲೇನಕ್ಕ ತಮ್ಮನ ಕೋಟಿನ ಗುಂಡಿ ಹಾಕುತ್ತ, ಕಾಲುಚೀಲ ಬಿಚ್ಚಬೇಡ, ಹಸಿ ಸೊಪ್ಪು ತಿನ್ನಬೇಡ ಎಂದು ಹೇಳುತ್ತಲೇ ಇದ್ದರು. ಅವರ ಮಗ ಇನ್ನು ನಮ್ಮೂರಿನ ಅರಸ. ಅವನು ಪಕ್ಕದಲ್ಲಿ ನಿಂತು ಮಾವನ ಪೆಟ್ಟಿಗೆ ಹಿಡಿದಿದ್ದ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ದೊಡ್ಡ ಮಾತು ಬರಬಹುದೆಂದು ಕಾದೆ. "ಒದ್ದೆ ಸೌದೆ ತಕ್ಕೊಳ್ಬೇಡ," ಎಂದು ದೋಣಿ ಹತ್ತಿದರು. ಹೊಳೆಯ ನಡುವೆ ಹೋಗುವವರೆಗೂ ದೋಣಿಯ ಅಂಚನ್ನು ಎರಡು ಕೈಯಲ್ಲಿ ಬಿಗಿಹಿಡಿದಿದ್ದರು. ಆಮೇಲೆ ಒಂದು ಕೈ ಬಿಟ್ಟು ಬೀಸಿದರು.

ಮರುದಿನ ನಾನೊಬ್ಬಳೇ ಭಟ್ಟಿಗೆ ಬೆಂಕಿ ಹಾಕಿದೆ. ಮೈದಾ ಎರಚಿ ನೋಡಿದೆ. ಹದ ಬಂದಿದೆ ಎನ್ನಿಸಿತು. ಬಂದದ್ದಲ್ಲ, ದಾಟಿತ್ತು. ಮೊದಲ ಸುತ್ತಿನ ಕೋಲುಗಳೆಲ್ಲ ಮೇಲೆ ಚೆನ್ನಾಗಿಯೇ ಉಬ್ಬಿದ್ದವು, ಅಡಿ ಮಾತ್ರ ಕಪ್ಪಗಾಗಿತ್ತು. ಅಂಗಡಿಯ ಬಾಗಿಲು ತೆಗೆಯುವುದೋ ಬೇಡವೋ ಎಂದು ನಿಂತಿರುವಾಗ ಹೊರಗೆ ಚಪ್ಪಲಿ ಸದ್ದು. ಮದ್ಲೇನಕ್ಕ. ಅರಮನೆಯಿಂದ ರೊಟ್ಟಿಗೆ ತಾವೇ ಬಂದದ್ದು ಅದೇ ಮೊದಲು. ಅವರ ಹಿಂದೆ ಆಗಲೇ ಸಾಲು ಬೆಳೆದಿತ್ತು.

ಒಂದು ಕೋಲು ಎತ್ತಿ ತಿರುಗಿಸಿ ಅಡಿ ನೋಡಿದರು. "ಎಂತ ವಾರಿಜ, ಅಪ್ಪ ಹೋದ ಬೇಜಾರಾ?"

"ಅಲ್ಲ ಅಕ್ಕ. ಭಟ್ಟಿ ಹೊಸತು."

"ಹೊಸತಾ? ನಮ್ಮ ಅರಮನೆಗಿಂತ ಹಳತು ಅದು."

"ನಂಗೆ ಹೊಸತು."

ಅವರು ರೊಟ್ಟಿಯನ್ನು ಮುರಿದರು. ಒಳಗಿನಿಂದ ಬಿಳಿ ಹಬೆ ಎದ್ದಿತು. ಕಪ್ಪಾದದ್ದನ್ನು ಉಗುರಿನಲ್ಲಿ ಕೆರೆದು ಹಾರಿಸಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಜಗಿದರು. ಸಾಲಿನಲ್ಲಿದ್ದವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು.

"ಇನ್ನೆರಡು ಕೊಡು," ಎಂದು ಅವರು ಸೆರಗು ಚಾಚಿದರು.